ನನ್ನ ಕಿವಿಗಳ ಪರವಾಗಿ ಕೆಲಸ ಮಾಡುತ್ತಿರುವ ನಾಯಿಯವರಿಗೆ

ಸನ್ಮಾನ್ಯ ನಾಯಿಯವರ ಸನ್ನಿಧಿಗೆ, ಅದೇ ಮನೆಯಲ್ಲಿ ವಾಸವಾಗಿರುವ, ತಾವು ಮೈಚಾಚಿ ಉಳಿಸಿದ ಸೋಫಾದ ಮೂಲೆಯಲ್ಲಿ ತಮ್ಮ ಕೃಪೆಯಿಂದ ಕುಳಿತುಕೊಳ್ಳುವ, ಪಿಯಾನೊಗಳ ಶ್ರುತಿ ಸರಿಮಾಡುವ ಕಸುಬಿನ ಮುದುಕನು ಬಾಗಿ ಮಾಡುವ ವಂದನೆಗಳು. (ಬಾಗಿದ್ದು ಗೌರವಕ್ಕೆ, ಬಾಗಿಯೇ ಉಳಿದದ್ದು ಸೊಂಟದ ಕಾರಣಕ್ಕೆ. ದಯವಿಟ್ಟು ಎರಡನ್ನೂ ಒಪ್ಪಿಕೊಳ್ಳುವುದು.)

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳು ಕ್ಷೇಮವೆಂದು ನಂಬಿದ್ದೇನೆ. ಇತ್ತ ನನ್ನ ಎರಡು ಪಾದಗಳಲ್ಲಿ ಒಂದು ಕ್ಷೇಮ, ಇನ್ನೊಂದರ ಅಭಿಪ್ರಾಯ ಸಂಜೆ ಮೆಟ್ಟಿಲು ಹತ್ತುವಾಗ ತಿಳಿಯಬೇಕು. ಒಂದೇ ಸೂರಿನಡಿ ಇರುವವರಿಗೆ ಪತ್ರ ಬರೆಯುವುದೇಕೆ, ಬರೆದರೂ ಅದನ್ನು ಸಂಗೀತ ಸಭಾಂಗಣದ ಸೂಚನಾ ಫಲಕದ ಮೇಲೆ ಊರೆಲ್ಲ ಓದುವಂತೆ ಅಂಟಿಸುವುದೇಕೆ ಎಂದು ತಾವು ಹುಬ್ಬೇರಿಸಬಹುದು. ತಾವು ಓದುವುದಿಲ್ಲ, ಮತ್ತು ನಾನು ಹೇಳಿದ್ದನ್ನು ಕೇಳುವುದೂ ಇಲ್ಲ ಎಂಬುದು ಈಚೆಗೆ ರುಜುವಾತಾಗಿದೆ. ಆದ್ದರಿಂದ ನನ್ನ ದೂರನ್ನು ತಮ್ಮ ಅಭಿಮಾನಿಗಳಾದರೂ ಓದಲಿ, ಓದಿ ತಮ್ಮ ತಲೆ ನೇವರಿಸುವಾಗ ಒಂದೆರಡು ಮಾತು ತಮ್ಮ ಕಡೆಗೆ ಹಾಕಲಿ ಎಂಬುದು ನನ್ನ ಆಸೆ.

ವಿಷಯಕ್ಕೆ ಬರುವ ಮೊದಲು ತಾವು ನನ್ನ ಬದುಕಿನಲ್ಲಿ ಯಾವ ಹುದ್ದೆಗೆ ಬಂದಿರಿ, ಹೇಗೆ ಬಂದಿರಿ ಎಂಬುದನ್ನು ಅರಿಯದವರ ಸಲುವಾಗಿ ಅರಿಕೆ ಮಾಡಬೇಕು. ಪಿಯಾನೊದೊಳಗೆ ನೂರಾರು ತಂತಿಗಳಿರುತ್ತವೆ, ಅವು ಹವಾಮಾನ ನೋಡಿಕೊಂಡು ಸಡಿಲವಾಗುತ್ತವೆ, ನನ್ನಂಥವನೊಬ್ಬ ಹೋಗಿ ಕೀಲಿ ಹಾಕಿ ತಿರುಗಿಸಿ ಅವುಗಳ ಮನಸ್ಸನ್ನು ಬಿಗಿಮಾಡಿ ಬರಬೇಕು. ಇಡೀ ಆಯುಷ್ಯ ನಾನು ಮಾಡಿದ್ದು ಇಷ್ಟೇ. ಈ ಕೆಲಸಕ್ಕೆ ಬೇಕಾದದ್ದು ಎರಡು ಕಿವಿ. ಅವು ನನಗೆ ಹುಟ್ಟಿನಿಂದಲೇ ಬಂದಿದ್ದವು, ಸಂಬಳವಿಲ್ಲದೆ ದುಡಿದವು, ಒಂದು ದಿನವೂ ರಜೆ ಕೇಳಲಿಲ್ಲ. ಕಡೆಗೆ ಕೇಳಿದಾಗ ಒಟ್ಟಿಗೆ ಕೇಳಿದವು. ಮೊದಲು ಹೋದದ್ದು ಪಿಯಾನೊದ ಬಲತುದಿಯ ಸ್ವರಗಳು, ಅಂದರೆ ಅತಿ ಎತ್ತರದವು, ಹಕ್ಕಿ ಕೂಗುವ ಜಾಗದವು. ಕೀಲಿಮಣೆಯ ಆ ಪಟ್ಟಿಗಳನ್ನು ಒತ್ತಿದರೆ ಮರ ಮರಕ್ಕೆ ತಗುಲಿದ ಟಕ್ ಎಂಬ ಶಬ್ದ ಬರುತ್ತಿತ್ತೇ ಹೊರತು ಸ್ವರ ಬರುತ್ತಿರಲಿಲ್ಲ. ಪಿಯಾನೊ ಕೆಟ್ಟಿದೆ ಎಂದು ನಾನು ಮೂರು ಮನೆಗಳಲ್ಲಿ ಖಡಾಖಂಡಿತವಾಗಿ ಹೇಳಿ ಬಂದೆ.

ಕಿವಿಯ ವೈದ್ಯೆ ನನ್ನನ್ನು ಒಂದು ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕೇಳಿಸಿದಾಗ ಗುಂಡಿ ಒತ್ತಿ ಎಂದರು. ನಾನು ಬಹಳ ಹೊತ್ತು ಆರಾಮವಾಗಿ ಕುಳಿತಿದ್ದೆ, ಯಾಕೆ ಇನ್ನೂ ಶುರು ಮಾಡಿಲ್ಲ ಎಂದು ವಿಚಾರಿಸುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಅವರು ಬರೆದುಕೊಟ್ಟ ನಕ್ಷೆಯಲ್ಲಿ ನನ್ನ ಶ್ರವಣಶಕ್ತಿಯು ಮಕ್ಕಳ ಉದ್ಯಾನದ ಜಾರುಬಂಡೆಯ ಹಾಗೆ ಎಡದಿಂದ ಬಲಕ್ಕೆ ಸುಖವಾಗಿ ಜಾರಿತ್ತು. “ವಯಸ್ಸಿಗೆ ತಕ್ಕ ಹಾಗೇ ಇದೆ, ಚೆನ್ನಾಗೇ ಇದೆ” ಎಂದು ಅವರು ನನ್ನ ಬೆನ್ನು ತಟ್ಟಿದರು. ಕಿವಿಗೆ ಹಾಕಿಕೊಳ್ಳುವ ಯಂತ್ರವೂ ಬಂತು. ಮಾತಿಗೆ ಅದು ಬಂಗಾರ. ಸಂಗೀತಕ್ಕೆ ಹಾಕಿಕೊಂಡರೆ ಪಾತ್ರೆ ತೊಳೆಯುವವರ ಮಧ್ಯೆ ಕುಳಿತಂತಾಗುತ್ತಿತ್ತು.

ವಾಸ್ತವವಾಗಿ ವಯಸ್ಸಿನ ಬಗ್ಗೆ ನನಗೂ ನನ್ನ ಹೆಂಡತಿಗೂ ಹೆಚ್ಚಿನ ತಕರಾರಿಲ್ಲ, ನಾವು ಅದರೊಂದಿಗೆ ಒಪ್ಪಂದಕ್ಕೆ ಬಂದವರು. ಅವಳ ತೋಳು ಭುಜಕ್ಕಿಂತ ಮೇಲೇಳುವುದಿಲ್ಲ, ನನ್ನ ಸೊಂಟ ಮೇಜಿಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಮನೆಯ ಮೇಲಿನ ಅರ್ಧ ನನ್ನದು, ಕೆಳಗಿನ ಅರ್ಧ ಅವಳದು. ಕಾಲುಚೀಲವನ್ನು ಅವಳು ಹಾಕಿಸುತ್ತಾಳೆ, ಅಂಗಿಯ ಕುತ್ತಿಗೆಯ ಗುಂಡಿಯನ್ನು ನಾನು ಹಾಕಿಸುತ್ತೇನೆ, ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಹೊರಗೆ ಹೊರಡಲು ಸಿದ್ಧನಾಗುತ್ತಾನೆ. ಡಬ್ಬದ ಮುಚ್ಚಳ ತೆಗೆಯಬೇಕಾದರೆ ಡಬ್ಬವನ್ನು ಅಡುಗೆಮನೆಯ ಡ್ರಾಯರಿಗೆ ಸಿಕ್ಕಿಸಿ, ಡ್ರಾಯರಿಗೆ ನಾನು ಹೊಟ್ಟೆ ಒತ್ತಿ ನಿಂತು, ಅವಳು ಟವೆಲ್ ಸುತ್ತಿ ತಿರುಗಿಸುತ್ತಾಳೆ. ಪಿಯಾನೊ ಕೆಳಗಿನ ಪೆಡಲು ನೋಡಲು ಒಮ್ಮೆ ಮಲಗಿದೆನೆಂದರೆ ಅಲ್ಲಿ ಆಗಬೇಕಾದ ಕೆಲಸವನ್ನೆಲ್ಲ ಮುಗಿಸಿ, ಆಲೋಚಿಸಬೇಕಾದ್ದನ್ನೂ ಆಲೋಚಿಸಿಯೇ ಏಳುವುದು ನನ್ನ ಪದ್ಧತಿ. ಒಂದು ಮನೆಯಲ್ಲಿ ನನಗೆ ಮಧ್ಯಾಹ್ನದ ಊಟವನ್ನು ಅಲ್ಲಿಗೇ ತಂದುಕೊಟ್ಟರು. ಮೊಣಕಾಲಿನ ಸದ್ದು ಮಾತ್ರ ನನಗೆ ಇಂದಿಗೂ ಸ್ಪಷ್ಟವಾಗಿ ಕೇಳಿಸುತ್ತದೆ ಎಂಬುದನ್ನು ವೈದ್ಯೆಯ ಗಮನಕ್ಕೆ ತರಬಯಸುತ್ತೇನೆ.

ಆದರೆ ಕಿವಿಯ ವಿಷಯ ಹಾಗಲ್ಲ. ಕಿವಿ ಹೋದರೆ ಕಸುಬು ಹೋಯಿತು, ಕಸುಬು ಹೋದರೆ ಬೆಳಿಗ್ಗೆ ಎದ್ದು ಆ ಕಾಲುಚೀಲಕ್ಕಾಗಿ ಅಷ್ಟು ಪಾಡು ಪಡುವ ಅಗತ್ಯವೇ ಇಲ್ಲ. ನನಗೆ ಭಯವಾಗಿತ್ತು, ಮಾನ್ಯರೇ. ಬಲತುದಿ ಕೇಳಿಸುವುದಿಲ್ಲವೆಂದು ಹೆಂಡತಿಗೂ ಹೇಳಿರಲಿಲ್ಲ, ಯಂತ್ರ ಬರೀ ಮಾತಿಗೆ ಎಂದಿದ್ದೆ.

ಆ ಹೊತ್ತಿನಲ್ಲಿ ತಾವು ಅವತರಿಸಿದಿರಿ. ಅವತರಿಸಿದಿರಿ ಎಂದರೆ, ಅಂಗಳಕ್ಕೆ ತೆರೆದ ನನ್ನ ಕೆಲಸದ ಕೋಣೆಯಲ್ಲಿ ಬಿಚ್ಚಿಟ್ಟ ಹಳೆಯ ಪಿಯಾನೊ ಒಂದರ ಕೆಳಗೆ ಎಂದಿನಂತೆ ಬಿದ್ದುಕೊಂಡಿದ್ದಿರಿ. ನಾನು ಬಲತುದಿಯ ತಂತಿಯನ್ನು ಮೀಟಿದೆ, ತಮ್ಮ ಎಡಗಿವಿ ನಿಮಿರಿತು. ಕೀಲಿ ತುಸು ತಿರುಗಿಸಿ ಮತ್ತೆ ಮೀಟಿದೆ, ಕಿವಿ ಅರ್ಧಕ್ಕೆ ಇಳಿಯಿತು. ಇನ್ನೂ ತುಸು ತಿರುಗಿಸಿದೆ, ಕಿವಿ ಪೂರ್ತಿ ಮಲಗಿತು. ನಾನು ಒಂದು ಬಿಸ್ಕತ್ತು ಕೊಟ್ಟೆ. ಪಕ್ಕದ ತಂತಿಗೆ ಹೋದೆ, ಕಿವಿ ಎದ್ದಿತು. ಅಂದು ಸಂಜೆಯ ಹೊತ್ತಿಗೆ ಬಲತುದಿಯೆಲ್ಲ ತಮ್ಮ ಅಪ್ಪಣೆಯಂತೆ ಶ್ರುತಿಗೊಂಡಿತು. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹುಡುಗಿಯನ್ನು ಒಳಗೆ ಕರೆದು ನುಡಿಸಿಸಿದೆ, ಅವಳು “ತುಂಬಾ ಚೆನ್ನಾಗಿದೆ ತಾತಾ” ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಎರಡು ಕಿವಿಗಳ ಜಾಗಕ್ಕೆ ತಮ್ಮದೊಂದೇ ಸಾಕಾಯಿತಲ್ಲ ಎಂಬ ಅವಮಾನವನ್ನು ಆ ಸಂತೋಷದಲ್ಲಿ ನುಂಗಿಕೊಂಡೆ.

ಅಂದಿನಿಂದ ತಾವು ನನ್ನ ಜೊತೆ ಮನೆಮನೆಗೆ ದಯಮಾಡಿಸತೊಡಗಿದಿರಿ. ಒಂಟಿಯಾಗಿ ಬಿಟ್ಟರೆ ಅಳುತ್ತದೆ ಎಂದು ನಾನು ಮೊದಮೊದಲು ಸಬೂಬು ಹೇಳಿದೆ, ಅಳುತ್ತಿದ್ದವರು ಯಾರು ಎಂಬುದನ್ನು ಹೇಳಲಿಲ್ಲ. ಆದರೆ ಗುಟ್ಟು ಎಷ್ಟು ದಿನ ನಿಲ್ಲುತ್ತದೆ! ಉದ್ಯಾನದ ಎದುರು ಮನೆಯ ದಂತವೈದ್ಯರ ಪತ್ನಿ, ತಮ್ಮ ಕಿವಿ ಏಳುವುದನ್ನೂ ಬೀಳುವುದನ್ನೂ ಬಾಗಿಲ ಸಂದಿಯಿಂದ ನೋಡಿದವರು, ಅದನ್ನು ಊರಿಗೆಲ್ಲ ಡಂಗುರ ಸಾರಿದರು. ಆಮೇಲೆ ನನ್ನ ಫೋನಿಗೆ ಬಿಡುವೇ ಇಲ್ಲ. “ನಿಮ್ಮ ನಾಯಿ ಯಾವಾಗ ಫ್ರೀ ಇರುತ್ತೆ?” ಎಂದು ಕೇಳುವರು. ಹೋದ ಮನೆಯಲ್ಲಿ ತಮಗೆ ಮೆತ್ತೆ ಹಾಕುವರು, ನೀರಿಗೆ ಹೊಸ ಬಟ್ಟಲು ಇಡುವರು, ಫೋಟೊ ತೆಗೆಯುವರು. ನಾನು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರೆ “ನೀವು ಡ್ರೈವರಾ?” ಎಂದು ಒಬ್ಬರು ಸೌಜನ್ಯದಿಂದಲೇ ಕೇಳಿದರು. ತಾವಾದರೂ ಅಲ್ಲ ಎಂದು ತಲೆಯಾಡಿಸಬಹುದಿತ್ತು. ತಾವು ಆಕಳಿಸಿದಿರಿ.

ಇದು ನನ್ನ ದೂರಿನ ಚಿಕ್ಕ ಭಾಗ. ಹೊಟ್ಟೆಯುರಿಯ ಭಾಗ ಎಂದರೂ ನಾನು ಅಲ್ಲಗಳೆಯುವುದಿಲ್ಲ. ದೊಡ್ಡ ಭಾಗ ಕಳೆದ ವಾರದ್ದು.

ನನ್ನ ಹೆಂಡತಿ, ತಮಗೆ ತಿಳಿದಂತೆ, ಹಿರಿಯರ ಗಾಯನ ತಂಡಕ್ಕೆ ಈ ಸಭಾಂಗಣದ ದೊಡ್ಡ ಪಿಯಾನೊ ನುಡಿಸುತ್ತ ಬಂದವಳು. ಆ ತಂಡದಲ್ಲಿ ತಾರಸ್ಥಾಯಿಯಲ್ಲಿ ಹಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಂದ್ರಕ್ಕೆ ಬಡ್ತಿ ಪಡೆದಿದ್ದಾರೆ, ಉಸಿರು ಸಾಲದವರಿಗೆ ಸಾಲಿನ ನಡುವೆ ನಿಲ್ಲಲು ಜಾಗ ಮಾಡಿಕೊಡಲಾಗಿದೆ, ಮುಂದಿನ ಪದ ಮರೆತವರು ಪಕ್ಕದವರ ಬಾಯಿ ನೋಡಿಕೊಂಡು ಹಾಡುತ್ತಾರೆ. ಹೆಂಡತಿಯ ಬೆರಳುಗಳೂ ಮರಗಟ್ಟುತ್ತಿವೆ. ಬಲಗೈಯ ಕಿರುಬೆರಳಂತೂ ಮಡಿಸಿಕೊಂಡು ಕುಳಿತಿದೆ, ಕರೆದರೆ ಬರುವುದಿಲ್ಲ. ಮೊನ್ನೆ ಭಾನುವಾರದ ಕಾರ್ಯಕ್ರಮವೇ ತನ್ನ ಕೊನೆಯದು ಎಂದು ಅವಳು ತೀರ್ಮಾನಿಸಿದ್ದಳು. ತೀರ್ಮಾನವನ್ನು ನನಗೆ ಹೇಳಿದ ರೀತಿ ಮಾರುಕಟ್ಟೆಯಿಂದ ಏನು ತರಬೇಕೆಂದು ಹೇಳಿದ ಹಾಗಿತ್ತು, ಹೇಳಿ ಒಳಗೆ ಹೋದಳು. ನಾನು ಅಂದುಕೊಂಡೆ, ಅವಳ ಕೊನೆಯ ಸಂಜೆಗೆ ಆ ಪಿಯಾನೊ ಎಂದೂ ಇಲ್ಲದಷ್ಟು ಶುದ್ಧವಾಗಿರಬೇಕು. ಬೇರೆ ಯಾರಿಗೆ ಕಡಿಮೆ ಮಾಡಿದರೂ ಅವಳಿಗೆ ಮಾಡಬಾರದು.

ಬುಧವಾರ ತಾವೂ ನಾನೂ ಸಭಾಂಗಣಕ್ಕೆ ಹೋದೆವು. ಎಡದಿಂದ ಶುರು ಮಾಡಿ ನನ್ನ ಕಿವಿ ಬರುವಷ್ಟು ದೂರ ನಾನೇ ಬಂದೆ, ಅಲ್ಲಿಂದ ಮುಂದಕ್ಕೆ ತಮಗೆ ಅಧಿಕಾರ ಹಸ್ತಾಂತರಿಸಿದೆ. ಬಿಗಿಮಾಡಿದೆ, ತಮ್ಮ ಕಿವಿ ಎದ್ದೇ ಇತ್ತು. ಸಡಿಲಿಸಿದೆ, ಎದ್ದೇ ಇತ್ತು. ಅಂದು ನನಗೆ ಮನಸ್ಸು ನಿಲ್ಲುತ್ತಿರಲಿಲ್ಲ, ಅವಳ ಕೊನೆಯ ಕಾರ್ಯಕ್ರಮವೆಂಬ ಚಿಂತೆ ಹಣೆಯ ಮೇಲೆ ಗಂಟು ಹಾಕಿಕೊಂಡು ಕುಳಿತಿತ್ತು. ಮತ್ತೆ ಬಿಗಿಮಾಡಿದೆ, ಎದ್ದೇ ಇತ್ತು. ಆಗ ಹೆಂಡತಿ ತಮ್ಮ ಬೆನ್ನಿನ ಕಡೆಯ ಬಾಗಿಲಿನಿಂದ, ತೋಳಿನ ಹದ್ದು ಮೀರಿ, ಸ್ವರಲಿಪಿಯ ಹಾಳೆ ಇಡುವ ಕಬ್ಬಿಣದ ಸ್ಟ್ಯಾಂಡುಗಳನ್ನು ಒಂದು ರಾಶಿಯಾಗಿ ಹೊತ್ತು ತಂದಳು, ತಂದವಳು ಎಲ್ಲವನ್ನೂ ನೆಲಕ್ಕೆ ಬಿಟ್ಟಳು. ಆ ಸದ್ದಿಗೆ ನನ್ನ ಕೈಯ ಕೀಲಿಯೇ ಜಾರಿ ಬಿತ್ತು. ಸಭಾಂಗಣದ ಮೇಲ್ವಿಚಾರಕರು ಮಹಡಿಯಿಂದ ಓಡಿ ಬಂದರು. ತಾವು ಮಾತ್ರ ಅಲುಗಾಡಲಿಲ್ಲ. ಒಂದು ಕೂದಲೂ ಅಲುಗಾಡಲಿಲ್ಲ. ತಾವು ನನ್ನ ಮುಖವನ್ನೇ, ಇನ್ನೂ ಸರಿಯಾಗಿ ಹೇಳಬೇಕೆಂದರೆ ನನ್ನ ಹುಬ್ಬನ್ನೇ, ಬಿಸ್ಕತ್ತಿನ ಅಂಗಡಿಯನ್ನು ನೋಡುವಂತೆ ನೋಡುತ್ತ ಕುಳಿತಿದ್ದಿರಿ.

ನಾನು ಹುಬ್ಬು ಗಂಟಿಕ್ಕಿದೆ, ಕಿವಿ ಎದ್ದಿತು. ಸುಳ್ಳೇ ನಕ್ಕೆ, ಕಿವಿ ಮಲಗಿತು. ಪಿಯಾನೊವನ್ನು ಯಾರೂ ಮುಟ್ಟಿರಲಿಲ್ಲ.

ಮಾನ್ಯರೇ, ಆ ಗಳಿಗೆಯಲ್ಲಿ ನನಗೆ ಆದದ್ದನ್ನು ಸಭ್ಯ ಭಾಷೆಯಲ್ಲಿ ಬರೆಯುವುದು ಕಷ್ಟ. ತಾವು ಕಿವುಡರು. ಎಂದಿನಿಂದ ಕಿವುಡರೋ ನಾನರಿಯೆ. ಆರಂಭದಲ್ಲಿ ನಿಜಕ್ಕೂ ಕೇಳಿಸುತ್ತಿತ್ತು ಎಂದು ಆ ದಾರಿಹೋಕ ಹುಡುಗಿಯ ಸಾಕ್ಷಿಯಿದೆ. ನಡುವೆ ಯಾವಾಗಲೋ ತಮಗೂ ವಯಸ್ಸಾಯಿತು, ನನ್ನ ಹಾಗೆಯೇ ತಾವೂ ಯಾರಿಗೂ ಹೇಳಲಿಲ್ಲ. ನಾನು ತಮ್ಮ ಕಿವಿ ನೋಡಿ ಸರಿ ಎಂದುಕೊಂಡು ನಗುತ್ತಿದ್ದೆ, ತಾವು ನನ್ನ ನಗೆ ನೋಡಿ ಸರಿ ಎಂದುಕೊಂಡು ಕಿವಿ ಇಳಿಸುತ್ತಿದ್ದಿರಿ. ಹೀಗೆ ಊರಿನ ಅರ್ಧ ಪಿಯಾನೊಗಳ ಬಲತುದಿಯನ್ನು ನಾವಿಬ್ಬರೂ, ಒಬ್ಬರ ಮೇಲೊಬ್ಬರು ಸಂಪೂರ್ಣ ವಿಶ್ವಾಸವಿಟ್ಟು, ನನ್ನ ಆಯಾ ದಿನದ ಮನಸ್ಥಿತಿಗೆ ಅನುಗುಣವಾಗಿ ಶ್ರುತಿ ಮಾಡಿದ್ದೇವೆ. ಬೆನ್ನುನೋವಿನ ದಿನದವು ವಿಪರೀತ ಬಿಗಿಯಾಗಿರಬೇಕು. ಪಿಂಚಣಿ ಬಂದ ದಿನದವು ಆರಾಮಾಗಿ ಜೋತುಬಿದ್ದಿರಬೇಕು. ಆಶ್ಚರ್ಯವೆಂದರೆ ಯಾರೂ ಒಂದು ದೂರನ್ನೂ ಕೊಡಲಿಲ್ಲ, ಎಲ್ಲರೂ ತಮ್ಮನ್ನು ಹೊಗಳಿದರು.

ನಾನು ಕುರ್ಚಿಯಲ್ಲಿ ಕುಸಿದು ಹೆಂಡತಿಗೆ ಎಲ್ಲವನ್ನೂ ಬಾಯಿಬಿಟ್ಟೆ. ನನ್ನ ಕಿವಿಯದ್ದನ್ನು, ತಮ್ಮದನ್ನು, ಎಲ್ಲವನ್ನೂ. ಅವಳು ಸ್ಟ್ಯಾಂಡುಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತ ಕೇಳಿದಳು, ಮುಗಿದ ಮೇಲೆ “ಗೊತ್ತು ರೀ” ಎಂದಳು. “ಮರಿಗೆ ಕಿವಿ ಕೇಳಲ್ಲ ಅಂತ ಹೋದ ಚಳಿಗಾಲದಿಂದ ಗೊತ್ತು. ಊಟಕ್ಕೆ ಕರೆಯೋಕೆ ನೆಲ ಕುಟ್ತೀನಲ್ಲ, ಮತ್ಯಾಕೆ ಅಂದ್ಕೊಂಡ್ರಿ? ನಿಮ್ಮದು ಅದಕ್ಕಿಂತ ಮುಂಚೇನೇ ಗೊತ್ತು.” ಈ ಪಿಯಾನೊದ ಬಲತುದಿ ಹಾಳಾಗಿರುವುದೂ ಅವಳಿಗೆ ಗೊತ್ತಿತ್ತು. ಹಾಡುಗಳನ್ನೆಲ್ಲ ಅವಳು ತನ್ನ ಕೈ ಅತ್ತ ಹೋಗದ ಹಾಗೆ, ಸದ್ದಿಲ್ಲದೆ, ಒಂದೊಂದಾಗಿ ಬದಲಾಯಿಸಿ ಬರೆದುಕೊಂಡಿದ್ದಳು. ಕೇಳಿದವರಿಗೆ ಕಿರುಬೆರಳು ಅತ್ತ ಚಾಚುವುದಿಲ್ಲ, ಅದಕ್ಕೆ ಎಂದಿದ್ದಳು. ಯಾಕೆ ಹೇಳಲಿಲ್ಲ ಎಂದು ನಾನು ರೇಗಿದೆ. “ಹೆಂಗ್ರೀ ಹೇಳ್ಲಿ? ಬೆಳಗಾದ್ರೆ ಇಬ್ಬರೂ ಅಷ್ಟು ಗತ್ತಿನಿಂದ ಕೆಲಸಕ್ಕೆ ಹೊರಡ್ತಿದ್ರಿ” ಎಂದಳು.

ಇಷ್ಟು ಪ್ರೀತಿಯನ್ನು ಒಬ್ಬ ಮನುಷ್ಯ ನಿಂತುಕೊಂಡು ತಡೆಯಲಾರ, ಪುಣ್ಯಕ್ಕೆ ನಾನು ಕುಳಿತೇ ಇದ್ದೆ.

ಗುರುವಾರ ನಾನು ಜೀವಮಾನವೆಲ್ಲ ಮೂಗು ಮುರಿದಿದ್ದ ಶ್ರುತಿಯಂತ್ರವನ್ನು ಮೇಲ್ವಿಚಾರಕರಿಂದ ಎರವಲು ಪಡೆದೆ. ಅದರಲ್ಲಿ ಒಂದು ಮುಳ್ಳು ಇದೆ, ಸ್ವರ ಸರಿಯಾದರೆ ನಡುವೆ ನಿಂತು ಹಸಿರು ದೀಪ ಹಚ್ಚುತ್ತದೆ. ಕಿವಿ ಬೇಕಿಲ್ಲ, ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡರೆ ಸಾಕು. ಬೇಸರವಾಯಿತು ಎಂದು ಬರೆಯಬೇಕೆಂದಿದ್ದೆ, ಆದರೆ ಹಸಿರು ದೀಪ ಹತ್ತಿದಾಗಲೆಲ್ಲ ನನಗೆ ಖುಷಿಯೇ ಆಯಿತು. ತಾವೂ ಪ್ರತಿ ದೀಪಕ್ಕೂ ಬಿಸ್ಕತ್ತು ವಸೂಲಿ ಮಾಡಿದಿರಿ. ಶನಿವಾರದ ಹೊತ್ತಿಗೆ ಬಲತುದಿ ಮುಗಿಯಿತು. “ಈಗ ಸರಿ ಇದೆಯಂತೆ, ಯಂತ್ರ ಹೇಳ್ತು. ನನ್ನನ್ನ ನಂಬಬೇಡ” ಎಂದು ಹೆಂಡತಿಗೆ ತಿಳಿಸಿದೆ. ಅವಳು ತಲೆಯಾಡಿಸಿದಳೇ ಹೊರತು ಒತ್ತಿ ನೋಡಲಿಲ್ಲ. ಹಾಡುಗಳನ್ನು ಮತ್ತೆ ಬದಲಿಸಲು ಸಮಯವೂ ಇರಲಿಲ್ಲ.

ಇದೇ ಪತ್ರದ ಮೂಲಕ ನಮ್ಮ ಗಿರಾಕಿಗಳೆಲ್ಲರಿಗೂ ತಿಳಿಸುವುದೇನೆಂದರೆ, ಚಳಿಗಾಲದಿಂದೀಚೆಗೆ ನಾವು ಬಂದು ಹೋದ ಮನೆಗಳ ಪಿಯಾನೊಗಳನ್ನು ಪುನಃ ಸರಿಮಾಡಿಕೊಡಲಾಗುವುದು. ದಂತವೈದ್ಯರ ಪತ್ನಿಗೆ ನಾನು ಖುದ್ದಾಗಿ ಹೇಳಿದೆ. ಅವರು ನೊಂದುಕೊಂಡು, ಬೇಡ, ನಾಯಿ ಮಾಡಿದ ಹಾಗೇ ಇರಲಿ, ಅದಕ್ಕೊಂದು ಬೇರೆಯೇ ಕಳೆಯಿದೆ ಎಂದರು. ಆದ್ದರಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಯಂತ್ರದ ಮುಳ್ಳು ನಡುವೆ ಬರುವ ಮೊದಲೇ ಕಿವಿ ಇಳಿಸಿ ಅದಕ್ಕೆ ಮುಜುಗರ ಮಾಡಬಾರದು. ಜನರು ತಮ್ಮನ್ನು ಹೊಗಳುವಾಗ ಒಂದು ಕ್ಷಣವಾದರೂ ನನ್ನ ಕಡೆ ತಿರುಗಿ ನೋಡಬೇಕು. ಸಾಧ್ಯವಾದರೆ ತಾವು ಇನ್ನು ಮುಂದೆ ವಯಸ್ಸಾಗುವುದನ್ನು ನಿಲ್ಲಿಸಬೇಕು. ಅದಕ್ಕೆ ಮೇಲಿನವರ ಅನುಮತಿ ಬೇಕೆಂದಾದರೆ ನಾನು ಪ್ರತ್ಯೇಕ ಪತ್ರ ಬರೆಯಲು ಸಿದ್ಧ. ಅದೂ ಆಗದಿದ್ದರೆ, ಮುಂದೆ ತಮಗೆ ಏನು ಕಡಿಮೆಯಾದರೂ, ಕಣ್ಣಾಗಲಿ, ಕಾಲಾಗಲಿ, ನನ್ನಿಂದ ಮುಚ್ಚಿಡದೆ ಹೇಳಬೇಕು. ನಾನೂ ಹೇಳುತ್ತೇನೆ. ಒಬ್ಬರಿಗೊಬ್ಬರು ಹೆದರಿಕೊಂಡು ಕೂರುವ ವಯಸ್ಸು ನಮ್ಮದಲ್ಲ.

ಇನ್ನು ಮುಖ್ಯ ದೂರು.

ಭಾನುವಾರ ಸಂಜೆ ತಾವೂ ನಾನೂ ಮುಂದಿನ ಸಾಲಿನಲ್ಲಿ ಕುಳಿತಿದ್ದೆವು. ತಂಡದವರು ಹಾಡಿದರು, ನಿಲ್ಲಬೇಕಾದಲ್ಲೆಲ್ಲ ನಿಂತು ಉಸಿರೆಳೆದು ಹಾಡಿದರು. ಹೆಂಡತಿಯ ಕೈ ಪಿಯಾನೊದ ನಡುವಿನಲ್ಲೇ ಸಂಸಾರ ನಡೆಸಿಕೊಂಡಿತ್ತು. ಕೊನೆಯ ಹಾಡು ಮುಗಿಯಿತು, ಚಪ್ಪಾಳೆಗೆ ಜನ ಕೈಯೆತ್ತಿದರು, ಅವಳು ಮಾತ್ರ ಏಳಲಿಲ್ಲ. ಅವಳ ಬಲಗೈ ಮೆಲ್ಲಗೆ ಬಲಕ್ಕೆ ಸರಿಯಿತು, ತಿಂಗಳುಗಳಿಂದ ಕಾಲಿಡದ ಜಾಗವನ್ನೆಲ್ಲ ದಾಟಿ ತುದಿಗೆ ಹೋಯಿತು, ಮಡಿಸಿಕೊಂಡ ಆ ಕಿರುಬೆರಳಿನ ಗೆಣ್ಣಿನಿಂದಲೇ ಕೀಲಿಮಣೆಯ ಕಟ್ಟಕಡೆಯ ಪಟ್ಟಿಯನ್ನು ಒತ್ತಿತು. ನನಗೆ ಟಕ್ ಎಂದಷ್ಟೇ ಕೇಳಿಸಿತು. ಸರಿಯಿತ್ತೋ, ಅವಳ ಕೊನೆಯ ಸ್ವರವನ್ನೇ ನಾನು ಕೆಡಿಸಿದೆನೋ, ಒಂದೂ ತಿಳಿಯಲಿಲ್ಲ. ಪಕ್ಕದ ಮೇಲ್ವಿಚಾರಕರನ್ನು ಕೇಳಬಹುದಿತ್ತು. ವೇದಿಕೆಯ ಮೇಲೆ ಅವಳ ಮುಖವನ್ನೇ ನೋಡಬಹುದಿತ್ತು. ನಾನು ಅದೊಂದನ್ನೂ ಮಾಡದೆ, ತಮಗೆ ಏನೇನೂ ಕೇಳಿಸುವುದಿಲ್ಲ ಎಂದು ಚೆನ್ನಾಗಿ ತಿಳಿದೂ, ತಮ್ಮ ಎಡಗಿವಿಯ ಕಡೆ ತಿರುಗಿದೆ. ತಾವು ಆಗಲೇ ನನ್ನ ಮುಖವನ್ನು ನೋಡುತ್ತಿದ್ದಿರಿ. ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಅವಳು ಅಲ್ಲಿ ಕುಳಿತಿದ್ದಳಲ್ಲ, ಅದೇ ಇದ್ದಿರಬೇಕು. ಕಿವಿ ಮೆಲ್ಲಗೆ ಮಲಗಿತು.

ಮನೆಗೆ ಬರುವ ದಾರಿಯಲ್ಲಿ ಅವಳು “ಸರಿಯಾಗಿತ್ತು ಕಣ್ರೀ” ಎಂದಳು. ಅವಳು ಹೇಳುವ ಮೊದಲೇ ನಾನು ತಮ್ಮ ಆ ಕಿವುಡು ಕಿವಿಯನ್ನು ನಂಬಿಯಾಗಿತ್ತು. ನನ್ನ ದೂರು ಇದೇ.

ತಮ್ಮ ವಿಶ್ವಾಸಿ,
ಸೋಫಾದ ಉಳಿದ ಮೂಲೆಯವನು

ತಾ.ಕ.: ಈ ಪತ್ರಕ್ಕೆ ಅಂಟು ಹಚ್ಚುತ್ತಿರುವಾಗಲೇ ಒಬ್ಬ ಹೊಸ ಗಿರಾಕಿಯ ಫೋನ್ ಬಂತು. ಯಂತ್ರದ ವಿಷಯ, ಕಿವುಡಿನ ವಿಷಯ ಎಲ್ಲವನ್ನೂ ಪ್ರಾಮಾಣಿಕವಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವರು, “ಪರವಾಗಿಲ್ಲ, ನಾಯಿ ಒಂದೇ ಬಂದ್ರೆ ಸಾಕು, ನಿಮಗ್ಯಾಕೆ ಈ ವಯಸ್ಸಲ್ಲಿ ತೊಂದರೆ” ಎಂದರು. ತಾವು ಬರುವಿರಿ, ಆದರೆ ಚೀಲ ಹೊರಲು ತಮಗೊಬ್ಬ ಆಳು ಬೇಕಾಗುತ್ತದೆ ಎಂದು ಒಪ್ಪಿಸಿದ್ದೇನೆ. ಆ ಕೆಲಸಕ್ಕೆ ನಾನೇ ಅರ್ಜಿ ಹಾಕಿಕೊಂಡಿರುವುದರಿಂದ, ದಯಮಾಡಿ ಒಂದು ಮಾತು ಶಿಫಾರಸು ಮಾಡುವುದು.